ಕೂಡು ಓದು

ನಮ್ಮೂರಿನಲ್ಲಿ ಸಂಜೆಯ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಮನೆಯಿಂದ ಹೊರಗೆ ಬಂದು ನಿಲ್ಲುತ್ತಾರೆ. ಒಲೆಯ ಮೇಲೆ ಹಾಲಿದ್ದರೆ ಇಳಿಸಿ ಬರುತ್ತಾರೆ. ಹಾಸಿಗೆ ಹಿಡಿದವರನ್ನು ಮಂಚದ ಸಮೇತ ಹೊತ್ತು ತಂದು ಜಗಲಿಯ ಮೇಲಿಡುತ್ತಾರೆ. ತಮಗೆ ಬೇಕಾದ ವಸ್ತುಗಳನ್ನೂ ತರುತ್ತಾರೆ: ಮದುವೆಯ ಸೀರೆ, ಹಾರ್ಮೋನಿಯಂ, ಹಿತ್ತಾಳೆ ಕೊಡ, ಸತ್ತವರ ಫೋಟೋ. ಗುಡ್ಡದ ಮೇಲಿನ ಕಲ್ಲುಮಂಟಪದಲ್ಲಿ ಕ್ಯಾಮೆರಾದ ಮುಚ್ಚಳ ತೆರೆದಿರುವಷ್ಟು ಹೊತ್ತೂ ಯಾರೂ ಅಲುಗಾಡುವುದಿಲ್ಲ. ಅದಕ್ಕೆ ನಾವು ನಿಲುವು ಎನ್ನುತ್ತೇವೆ. ಮುಚ್ಚಳ ಬಿದ್ದ ಮೇಲೆ ಕ್ಯಾಮೆರಾ ತಾನು ಕಂಡದ್ದನ್ನು ಓದತೊಡಗುತ್ತದೆ, ಅದು ಓದು. ಮೇಲಿನ ಬೀದಿಯಿಂದ ತೆಳ್ಳಗಿನ ಮಬ್ಬು ಗೆರೆಯೊಂದು ಹೊರಟು, ಒಂದೊಂದೇ ಬೀದಿ ಇಳಿಯುತ್ತ, ಕೆರೆ ಏರಿಯ ಹತ್ತಿರ ಹೋಗಿ ಮುಗಿಯುತ್ತದೆ. ಗೆರೆ ದಾಟಿದ ಮನೆಯವರು ಒಳಗೆ ಹೋಗಿ ಹಾಲನ್ನು ಮತ್ತೆ ಒಲೆಗಿಡುತ್ತಾರೆ. ಕ್ಯಾಮೆರಾ ಹೇಗೆ ಕಂಡಿತೋ ಮರುದಿನ ಬೆಳಿಗ್ಗೆ ಊರು ಹಾಗಿರುತ್ತದೆ.

ನಿಲುವಿನಲ್ಲಿ ಒಂದು ದಿನ ಕೆಮ್ಮಿದರೆ ದೊಡ್ಡ ನಷ್ಟವೇನಿಲ್ಲ. ಬೆಳಿಗ್ಗೆ ಕೆನ್ನೆಯ ಅಂಚು ಕೊಂಚ ಕದಡಿದಂತೆ ಕಾಣುತ್ತದೆ, ಅಷ್ಟೆ. ಆದರೆ ದಿನವೂ ಅಲುಗಾಡುವವರು ದಿನದಿನಕ್ಕೆ ಮಾಸುತ್ತಾರೆ. ಹಾಗೆ ಕದಡಿ ಮಾಸಿದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಒಳಗೆ ಬಚ್ಚಿಟ್ಟದ್ದೂ ಮಾಸುತ್ತದೆ. ಊರು ಬಿಟ್ಟು ಹೋಗಬಹುದು, ಗಟ್ಟಿಮುಟ್ಟಾದವರು ಹೋಗುತ್ತಾರೆ, ಬರುತ್ತಾರೆ. ಮಾಸಿದವರು ಮಾತ್ರ ಗುಡ್ಡ ದಾಟಿದರೆ ಉಳಿಯುವುದಿಲ್ಲ.

ನನ್ನ ಹೆಸರು ದಾಕ್ಷಾಯಿಣಿ. ಆ ಕ್ಯಾಮೆರಾ ನೋಡಿಕೊಳ್ಳುವ ಕೆಲಸ ನನ್ನದು. ಮಂಟಪದೊಳಗೆ ಬೇಸಿಗೆಯಲ್ಲೂ ಕಂಬಳಿ ಬೇಕು, ಅಷ್ಟು ಚಳಿ. ಕ್ಯಾಮೆರಾ ಬಿಸಿಯಾದರೆ ಅದರೊಳಗಿನ ಕತ್ತಲೆಯೇ ಬೆಳಕಿನ ಹಾಗೆ ತುಂಬಿಕೊಂಡು ನೋಟ ಕೆಡುತ್ತದೆ, ಅದಕ್ಕೆ ಅದನ್ನು ಸದಾ ತಣ್ಣಗಿಡಬೇಕು. ನಾನು ದಿನವೂ ತೀರ್ಮಾನಿಸಬೇಕಾದದ್ದು ಎರಡೇ: ಮುಚ್ಚಳ ಎಷ್ಟು ಹೊತ್ತು ತೆರೆದಿರಬೇಕು, ಆಮೇಲೆ ಓದು ಯಾವ ಕ್ರಮದಲ್ಲಿ ನಡೆಯಬೇಕು. ತೀರ್ಮಾನಿಸಿ, ಕ್ಯಾಮೆರಾದ ಮುಂದಿನ ಬಂಡೆಗೆ ಇಳಿದು, ಮುಚ್ಚಳದ ಹಗ್ಗ ಎಳೆದು, ಎಲ್ಲರ ಹಾಗೆ ನಾನೂ ನಿಲ್ಲುತ್ತೇನೆ. ಹೊತ್ತಾದಾಗ ಮುಚ್ಚಳ ತಾನೇ ಬೀಳುತ್ತದೆ.

ನನ್ನನ್ನು ಸಾಕಿ ಬೆಳೆಸಿದವನು ಸೋದರಮಾವ ಪಾಲಯ್ಯ. ಗಾರೆ ಕೆಲಸದ ಮೇಸ್ತ್ರಿ. ಊರಿನ ಅರ್ಧದಷ್ಟು ಮನೆಗಳ ಮುಂಗೋಡೆ ಅವನ ಕೈಯಿಂದಲೇ ಆದದ್ದು. ಸುಣ್ಣದ ಗಾರೆ ಹಸಿ ಇರುವಾಗಲೇ ಕರಣೆಯ ತುದಿಯಿಂದ ಬಳ್ಳಿ, ಗಿಳಿ, ಮೀನು ಬಿಡಿಸುತ್ತಿದ್ದ. ಎಲೆ ಬಿಡಿಸಿದರೆ ಎಲೆಯ ನರವೂ ಇರುತ್ತಿತ್ತು, ಮೀನು ಬಿಡಿಸಿದರೆ ಒಂದೊಂದು ಹುರುಪೆಯೂ ಬೇರೆಬೇರೆ. ಚಿಕ್ಕವಳಿದ್ದಾಗ ನಾನು ಅವನ ಜೊತೆ ಹೋಗಿ ಗಾರೆಗೆ ನೀರು ಹಾಕುತ್ತಿದ್ದೆ. ನನ್ನ ತಾಯಿ ತೀರಿಕೊಂಡ ವರ್ಷ ನಾನು ಮಾತೇ ಆಡುತ್ತಿರಲಿಲ್ಲವಂತೆ. ಅವನೂ ಮಾತಾಡಿಸಲಿಲ್ಲ. ದಿನವೂ ಕೆಲಸದ ಕಡೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡ, ಅಷ್ಟೆ.

ಅವನಿಗೆ ಕೈ ನಡುಗುವ ಕಾಯಿಲೆ ಶುರುವಾದದ್ದು ನನಗೆ ಗೊತ್ತಾದದ್ದು ಚಹಾ ಕುಡಿಯುವಾಗ. ಲೋಟ ತಟ್ಟೆಗೆ ತಾಗಿ ಕಟಕಟ ಎಂದಿತು. ಇಬ್ಬರೂ ಕೇಳಿಸಿಕೊಂಡೆವು. ನರದ ಕಾಯಿಲೆ, ಹೆಚ್ಚುತ್ತಾ ಹೋಗುತ್ತದೆ ಎಂದರು ಡಾಕ್ಟರು. ನಿಲುವಿನ ಹೊತ್ತಿಗೆ ಮಾವ ಕೈಗಳನ್ನು ಕಂಕುಳಲ್ಲಿ ಅದುಮಿ ಹಿಡಿಯುತ್ತಿದ್ದ. ಆಗ ಮೈಯೇ ನಡುಗುತ್ತಿತ್ತು. ಮೊದಲು ಉಗುರುಗಳು ಕದಡಿದವು, ಆಮೇಲೆ ಬೆರಳ ಗಿಣ್ಣುಗಳು. ಹಸಿ ಬಣ್ಣದ ಮೇಲೆ ಬಟ್ಟೆ ಎಳೆದ ಹಾಗೆ ಅವನ ಬೆರಳುಗಳು ಒಂದರೊಳಗೊಂದು ಸೇರಿಕೊಂಡವು. ಕರಣೆ ಹಿಡಿದರೆ ಜಾರಿ ಬೀಳುತ್ತಿತ್ತು. ಮುಟ್ಟಿದ್ದು ತಣ್ಣಗಿದೆಯೋ ಬಿಸಿಯಾಗಿದೆಯೋ ತಿಳಿಯುತ್ತಿರಲಿಲ್ಲ.

ಊರಿನ ಸಮಿತಿಗೆ ಆಗ ಬಟ್ಟೆ ಅಂಗಡಿಯ ಕರಿಬಸಪ್ಪನವರು ಯಜಮಾನರು. ಅವರೇ ಗುಡ್ಡ ಹತ್ತಿ ಬಂದು ನನಗೆ ಹೇಳಿದರು: "ಮೇಸ್ತ್ರಿ ಕೈ ಅಂದ್ರೆ ಊರಿನ ಕೈ, ದಾಕ್ಷಾಯಿಣಮ್ಮ. ನಿಲುವು ಅರ್ಧ ಮಾಡು. ಎಲ್ರೂ ಒಪ್ಪಿದೀವಿ."

ಹಾಲು ಉಕ್ಕುವಷ್ಟು ಹೊತ್ತು ಇರುತ್ತಿದ್ದ ನಿಲುವನ್ನು ನಾನು ಅರ್ಧಕ್ಕೆ ಇಳಿಸಿದೆ. ಮುಚ್ಚಳ ಬೇಗ ಬಿದ್ದರೆ ನಡುಗುವವನ ಕದಡೂ ಕಡಿಮೆ. ಮಾವನ ಕೈ ಇದ್ದಲ್ಲಿಗೇ ನಿಂತಿತು. ಆದರೆ ಬೆಳಿಗ್ಗೆ ಊರಿನ ಮೇಲೆ ಕಾಳು ಕಾಣಿಸಿತು. ಕಾಳು ಎಂದರೆ ಓದುವಾಗ ಬೀಳುವ ಕಸ. ಪ್ರತಿ ಓದಿಗೂ ಅದು ಬಿದ್ದೇ ಬೀಳುತ್ತದೆ. ಬೆಳಕು ಧಾರಾಳವಾಗಿ ಸಿಕ್ಕ ದಿನ ಕಣ್ಣಿಗೆ ಬೀಳುವುದಿಲ್ಲ, ಕಡಿಮೆ ಸಿಕ್ಕ ದಿನ ಎದ್ದು ತೋರುತ್ತದೆ. ಗೋಡೆ, ಮರ, ಮುಖ ಎಲ್ಲದರ ಮೇಲೂ ರವೆ ಚೆಲ್ಲಿದ ಹಾಗಿತ್ತು. ಜನ ಒಂದಷ್ಟು ದಿನ ಗೊಣಗಿ ಸುಮ್ಮನಾದರು. ಮೇಸ್ತ್ರಿಗೋಸ್ಕರ ಅಲ್ಲವೇ ಎಂದರು.

ಆ ವರ್ಷವೇ ಕೆಳಗಿನ ಬೀದಿಯ ಈರಮ್ಮನಿಗೆ ಹೆಣ್ಣುಮಗುವಾಯಿತು. ಈರಮ್ಮ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಗಂಡ ಕಲ್ಲುಗಣಿಯ ಕೆಲಸಕ್ಕೆಂದು ಗುಡ್ಡದಾಚೆ ಹೋದವನು, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು ನೀರುಮಜ್ಜಿಗೆಯಷ್ಟು ತೆಳುವಾಗಿತ್ತು. ಚಾಪೆಯ ಮೇಲೆ ಮಲಗಿಸಿದರೆ ಕೂಸಿನ ಹೊಟ್ಟೆಯ ಮೂಲಕ ಚಾಪೆಯ ಹೆಣಿಗೆ ಕಾಣುತ್ತಿತ್ತು. ಸಂಪಿಗೆ ಎಂದು ಹೆಸರಿಟ್ಟು ಸಂಪಿ ಎಂದು ಕರೆದರು.

ಒಂದು ಮಧ್ಯಾಹ್ನ ಈರಮ್ಮ ತಲೆಗೂದಲಲ್ಲಿ ಇನ್ನೂ ಹಿಟ್ಟು ಇರುವಂತೆಯೇ ಗುಡ್ಡ ಹತ್ತಿ ಬಂದಳು. ಸೆರಗಿನೊಳಗೆ ಮಗು ಇತ್ತು. ಉಸಿರು ಸರಿಹೋಗುವವರೆಗೂ ಕಾಯಲಿಲ್ಲ.

"ದಾಕ್ಷಕ್ಕ, ನಿನ್ನೆ ಕೂಸು ಅಳೋದು ಕೇಳುಸ್ತು. ತೊಟ್ಲು ನೋಡಿದ್ರೆ ಕಾಳು ಬಿಟ್ರೆ ಏನೂ ಕಾಣ್ಲಿಲ್ಲ. ಕೈಯಾಡಿಸಿ ಹುಡುಕ್ದೆ. ಹೆತ್ತ ಮಗೂನ ಕುರುಡಿ ಥರ ತಡಕ್ಬೇಕಾಯ್ತು."

"ಎಷ್ಟು ದಿನದಿಂದ ಹಿಂಗೆ?"

"ಹುಟ್ಟಿದಾಗ್ಲಿಂದ್ಲೂ ಕಮ್ಮಿ ಆಗ್ತಾನೇ ಐತೆ. ನಿಲುವು ಉದ್ದ ಮಾಡಕ್ಕ. ಅವಳು ಅಲುಗಾಡಲ್ಲ. ಹಾಲು ಕುಡಿಸಿ ಮಲಗಿಸ್ಕೊಂಡು ಕಲ್ಲಿನಂಗೆ ನಿಂತ್ಕೋತೀನಿ. ಎಷ್ಟು ಹೊತ್ತಾದ್ರೂ ನಿಂತ್ಕೋತೀನಿ."

ನಾನು ಮಗುವನ್ನು ಎತ್ತಿಕೊಂಡೆ. ಕೈಯಲ್ಲಿ ಭಾರ ಇತ್ತು, ಬಿಸಿ ಇತ್ತು. ಕಣ್ಣಿಗೆ ಮಾತ್ರ ಏನೂ ಸಿಕ್ಕುತ್ತಿರಲಿಲ್ಲ. ಈರಮ್ಮನಿಗೆ ಮಾವನ ಕೈಯ ವಿಚಾರ ಗೊತ್ತಿತ್ತು. ಗೊತ್ತಿದ್ದೂ ಕೇಳಲು ಬಂದಿದ್ದಳು. ಅದಕ್ಕೆ ನನ್ನ ಮುಖ ನೋಡದೆ ಮಂಟಪದ ಕಂಬ ನೋಡಿಕೊಂಡು ಮಾತಾಡುತ್ತಿದ್ದಳು.

ಮೊದಲು ನಾನು ಚಿಕ್ಕ ಚಿಕ್ಕ ನಿಲುವುಗಳನ್ನು ಮಾಡಿ ಒಂದರ ಮೇಲೊಂದು ಸೇರಿಸಿ ನೋಡಿದೆ. ಪ್ರತಿ ನಿಲುವಿಗೂ ಬೇರೆ ಓದು, ಪ್ರತಿ ಓದಿಗೂ ಬೇರೆ ಕಾಳು. ಮಗು ಇನ್ನಷ್ಟು ಮುಚ್ಚಿಹೋಯಿತು. ಬೇರೆ ದಾರಿ ಇಲ್ಲದೆ ನಿಲುವನ್ನು ಉದ್ದ ಮಾಡಿದೆ, ಮೊದಲಿದ್ದುದಕ್ಕಿಂತಲೂ ಉದ್ದ. ಮಗುವಿನ ಹಣೆ ಕಂಡಿತು, ಮುಷ್ಟಿ ಕಂಡಿತು. ಮಾವನ ಬೆರಳುಗಳು ಪೂರ್ತಿ ಹೋದವು. ಮತ್ತೆ ಕಡಿಮೆ ಮಾಡಿದೆ. ಮಗು ಮತ್ತೆ ಕಾಳಿನಲ್ಲಿ ಮುಳುಗಿತು. ಒಂದು ದಿನ ಹೀಗೆ, ಒಂದು ದಿನ ಹಾಗೆ ಎಂದು ಮಾಡತೊಡಗಿದೆ. ಇಬ್ಬರೂ ನಿಧಾನವಾಗಿ ಕಳೆದುಹೋಗುತ್ತಿದ್ದರು, ಬೇರೇನೂ ಆಗಲಿಲ್ಲ.

ಊಟಕ್ಕೆ ಕೂತಾಗ ಮಾವನಿಗೆ ನಾನೇ ತುತ್ತು ಮಾಡಿ ಬಾಯಿಗಿಡುತ್ತಿದ್ದೆ. ಒಂದು ದಿನ ಅವನು ತುತ್ತು ನುಂಗಿ ಹೇಳಿದ: "ಉದ್ದಾನೇ ಇಟ್ಬಿಡು, ದಾಕ್ಷಿ. ನನ್ನ ಕೈ ಮಾಡೋದೆಲ್ಲ ಮಾಡಾಯ್ತು. ಆ ಕೂಸು ಇನ್ನೂ ಒಂದು ಹಿಡಿ ಮಣ್ಣೂ ಎತ್ತಿಲ್ಲ."

"ಕೈಗೇ ನಿಲ್ಲಲ್ಲ, ಮಾವ. ನಡುಕ ಭುಜಕ್ಕೆ ಬಂದೈತೆ. ನಾಳೆ ಕತ್ತು, ಆಮೇಲೆ ಮುಖ."

"ಗೊತ್ತು ಬಿಡೆ."

"ನಿನಗೆ ಗೊತ್ತಿದ್ರೆ ಆಯ್ತಾ? ನಾನು ದಿನಾ ಹಗ್ಗ ಎಳೀಬೇಕಲ್ಲ."

ನಾನು ಅವನ ಬಾಯಿ ಒರೆಸಿ, ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಬಹಳ ಹೊತ್ತು ತೊಳೆದೆ.

ಕ್ಯಾಮೆರಾದಲ್ಲಿ ಯಾರೂ ಬಳಸದ ಇನ್ನೊಂದು ಕ್ರಮವಿತ್ತು. ನನಗೆ ಕೆಲಸ ಕಲಿಸಿದ ಹೆಂಗಸು ಅದರ ಗುಂಡಿಯ ಮೇಲೆ ಬಟ್ಟೆಯ ಚೂರು ಸುತ್ತಿ ಕಟ್ಟಿದ್ದಳು. ಅದಕ್ಕೆ ಕೂಡು ಓದು ಎಂದು ಹೆಸರು. ಕ್ಯಾಮೆರಾದೊಳಗಿನ ಹಲಗೆಯ ಮೇಲೆ ಚೌಕಾಬಾರದ ಮನೆಗಳ ಹಾಗೆ ಎಣಿಸಲಾರದಷ್ಟು ಪುಟ್ಟ ಪುಟ್ಟ ಮನೆಗಳಿವೆ. ನಿಲುವಿನಲ್ಲಿ ಅವುಗಳಲ್ಲಿ ಬೆಳಕು ತುಂಬಿಕೊಳ್ಳುತ್ತದೆ. ಓದುವಾಗ ಒಂದೊಂದು ಮನೆಯ ಬೆಳಕನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಅಳೆದಾಗಲೆಲ್ಲ ಒಂದು ಚಿಟಿಕೆ ಕಾಳು ಬೀಳುತ್ತದೆ. ಕೂಡು ಓದಿನಲ್ಲಿ ಹಾಗಲ್ಲ. ಅಕ್ಕಪಕ್ಕದ ಮನೆಗಳನ್ನು ಒಟ್ಟಿಗೆ ಸುರಿದುಕೊಂಡು ಒಂದೇ ಸಲ ಅಳೆಯುತ್ತದೆ. ಬೆಳಕು ಅಷ್ಟೂ ಮನೆಗಳದ್ದು, ಕಾಳು ಒಂದೇ ಚಿಟಿಕೆ. ಅಂದರೆ ನಿಲುವು ಗಿಡ್ಡವಾಗಿದ್ದರೂ ತೆಳುವಾದ ಮಗು ಉಳಿಯುತ್ತದೆ. ಕೂಡಿದ ಚೌಕ ದೊಡ್ಡದಾದ್ದರಿಂದ ನಡುಗುವವನು ಆ ಚೌಕದೊಳಗೇ ನಡುಗುತ್ತಾನೆ, ಆಚೆಗೆ ಕದಡುವುದಿಲ್ಲ. ಆದರೆ ಆ ಚೌಕಕ್ಕಿಂತ ಸಣ್ಣದಾದದ್ದು ಯಾವುದೂ ಉಳಿಯುವುದಿಲ್ಲ. ಅದಕ್ಕೇ ಬಟ್ಟೆ ಸುತ್ತಿದ್ದು. ಒಂದು ಬೀದಿಗೆ ಮಾತ್ರ ಎನ್ನುವಂತಿಲ್ಲ, ತಿರುಗಿಸಿದರೆ ಇಡೀ ಊರಿಗೆ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಅವನು ಪೂರ್ತಿ ಕೇಳಿ, "ಸಣ್ಣದು ಅಂದ್ರೆ ಎಷ್ಟು ಸಣ್ಣದು?" ಎಂದ. ನಾನು ಬಾಗಿಲಾಚೆಯ ಗೋಡೆಗಳ ಕಡೆ ನೋಡಿದೆ. "ನಡಿ, ನೋಡ್ಕೊಂಡು ಬರಾಣ," ಎಂದು ಎದ್ದ.

ಬಿಸಿಲಿತ್ತು. ಮೇಲಿನ ಬೀದಿಯ ಮೊದಲ ಮನೆಯ ಮುಂದೆ ನಿಂತ. ಬಾಗಿಲ ಸುತ್ತ ಹೀರೆಬಳ್ಳಿ ಹಬ್ಬಿಸಿದ್ದ, ಅವನ ಹರೆಯದ ಕೆಲಸ. ಮಾಸಿದ ಕೈಯನ್ನು ಅದರ ಕಡೆ ಚಾಚಿ, "ಇದು?" ಎಂದ.

"ಹೋಗುತ್ತೆ."

ಮುಂದಿನ ಮನೆಯಲ್ಲಿ ಗಿಳಿ ಸಾಲು. "ಕೊಕ್ಕು ಕಣ್ಣು ಹೋಗಿ, ಗಿಳಿ ಆದ್ರೂ ಉಳೀತದಾ?"

"ಉಬ್ಬು ಉಳೀಬಹುದು. ಗಿಳಿ ಅಂತ ಗೊತ್ತಾಗಲ್ಲ, ಮಾವ."

ಹೀಗೆ ಬೀದಿ ಮುಗಿಯುವವರೆಗೂ ಕೇಳುತ್ತ ಹೋದ. ಪ್ರತಿಯೊಂದಕ್ಕೂ ನಾನು ಹೋಗುತ್ತೆ, ಹೋಗುತ್ತೆ ಎನ್ನುತ್ತ ಹಿಂದೆ ನಡೆದೆ. ಕೊನೆಯ ಮನೆಯ ಮುಂದೆ ನಾನು ನಿಂತುಬಿಟ್ಟೆ. ಅವನು ತಿರುಗಿ ನೋಡಿದ.

"ಗೋಡೆ?"

"ಗೋಡೆ ಉಳಿಯುತ್ತೆ."

"ಮತ್ತೆ? ಮಳೆ ತಡೆಯೋದು ಗೋಡೆ. ಗಿಳಿ ಅಲ್ಲ." ಅಷ್ಟು ಹೇಳಿ ಅವನು ಆ ಮನೆಯ ಜಗಲಿಯ ಮೇಲೆ ಕೂತ. ಬಿಸಿಲು ಇಳಿಯುವವರೆಗೂ ಅಲ್ಲೇ ಕೂತಿದ್ದ. ನಾನೂ ಪಕ್ಕದಲ್ಲಿ ಕೂತಿದ್ದೆ.

ಶಾಲೆಯ ಹಜಾರದಲ್ಲಿ ಸಮಿತಿ ಸೇರಿತು. ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಪುಸ್ತಕದ ಸಣ್ಣ ಅಕ್ಷರ ಹೋಗುತ್ತದೆ, ಅಂಗಡಿ ಬೋರ್ಡಿನ ದೊಡ್ಡ ಅಕ್ಷರ ಉಳಿಯುತ್ತದೆ. ಸೀರೆಯ ಅಂಚು ಉಳಿಯುತ್ತದೆ, ಅಂಚಿನ ಬುಟ್ಟಾ ಹೋಗುತ್ತದೆ. ಮುಖದಲ್ಲಿ ಕಣ್ಣು, ಮೂಗು, ಬಾಯಿ ಇರುತ್ತವೆ. ರೆಪ್ಪೆ, ಮಚ್ಚೆ, ಸುಕ್ಕು, ನಕ್ಕಾಗ ಕಣ್ಣಂಚಿನಲ್ಲಿ ಬೀಳುವ ಗೆರೆ ಹೋಗುತ್ತವೆ. ದೂರದಿಂದ ನೋಡಿದರೆ ಒಬ್ಬರ ಹಾಗೆ ಇನ್ನೊಬ್ಬರು ಕಾಣಬಹುದು.

ಮೇಲಿನ ಬೀದಿಯ ಶಿವನಂಜಮ್ಮ ಎದ್ದು ನಿಂತರು. ದೊಡ್ಡ ಮನೆಯ ಹೆಂಗಸು, ಯಾರ ಮನೆಗೂ ಹೋಗುವವರಲ್ಲ. "ಮುಖಾನೇ ಗೊತ್ತಾಗದಿದ್ರೆ ಯಾರನ್ನ ಒಳಗೆ ಕರೀಬೇಕು, ಯಾರನ್ನ ಹೊರಗೆ ನಿಲ್ಲಿಸ್ಬೇಕು? ಊರು ಅಂದ್ಮೇಲೆ ಒಂದು ಗುರುತು ಬೇಡ್ವಾ?" ಎಂದರು. ಕೆಲವರು ಹೌದು ಹೌದು ಎಂದರು. ಕೆಳಗಿನ ಬೀದಿಯವರು ನೆಲ ನೋಡುತ್ತ ಕೂತಿದ್ದರು.

ಕರಿಬಸಪ್ಪನವರು ಎಲ್ಲರ ಮಾತೂ ಮುಗಿಯಲೆಂದು ಕಾದು, ಆಮೇಲೆ ಜೇಬಿನಿಂದ ಒಂದು ಪುಟ್ಟ ಫೋಟೋ ತೆಗೆದರು. ಅವರ ಹೆಂಡತಿ ಸಾವಂತ್ರಮ್ಮನದು. ತೀರಿಕೊಂಡು ಕೆಲವು ವರ್ಷವಾಗಿತ್ತು. ಪ್ರತಿ ಸಂಜೆ ನಿಲುವಿನಲ್ಲಿ ಅವರು ಅದನ್ನು ಎದೆಗೆ ಹಿಡಿದು ನಿಲ್ಲುವುದನ್ನು ಊರೆಲ್ಲ ಕಂಡಿತ್ತು.

"ಹೆಬ್ಬೆಟ್ಟಿನಷ್ಟು ಮುಖ ಇದು," ಎಂದರು. "ಇದರ ಕಣ್ಣು ನಿನ್ನ ಆ ಓದಿಗೆ ಉಳಿಯಲ್ಲ ಅಲ್ವಾ, ದಾಕ್ಷಾಯಿಣಮ್ಮ?"

"ಉಳಿಯಲ್ಲ, ಯಜಮಾನ್ರೇ."

"ನನ್ನತ್ರ ಇರೋದು ಇದೊಂದೇ. ಮೇಸ್ತ್ರಿಗೆ ಅಂತ ನಿಲುವು ಗಿಡ್ಡ ಮಾಡ್ಸಿದೋನು ನಾನೇ. ಮಗು ಮೇಲೂ ನನಗೆ ದ್ವೇಷ ಇಲ್ಲ. ಆದ್ರೆ ಇದನ್ನ ಕೊಡೋಕೆ ನನ್ನ ಕೈಲಿ ಆಗಲ್ಲ."

ಹಿಂದೆ ಕೂತಿದ್ದ ಈರಮ್ಮ ಮಗುವನ್ನು ಎತ್ತಿ ತೋರಿಸಲೂ ಇಲ್ಲ, ಅಳಲೂ ಇಲ್ಲ. ಎದ್ದು, "ಅವರು ಹೇಳೋದೂ ನಿಜಾನೇ," ಎಂದು ಹೊರಡಲು ಅನುವಾದಳು. ಆಗ ಮಾವ ಎದ್ದು ನಿಂತ.

"ಕೂತ್ಕೋ ತಾಯಿ. ಯಜಮಾನ್ರೇ, ಸಾವಂತ್ರಮ್ಮನ್ನ ದೊಡ್ಡದಾಗಿ ಮಾಡಾಣ. ನಿಮ್ಮ ಅಂಗಡಿ ಪಕ್ಕದ ಗೋಡೆ ಬೋಳು ಐತಲ್ಲ, ಅದರ ಮೇಲೆ, ಆಳೆತ್ತರದ ಮುಖ. ಅಷ್ಟು ದೊಡ್ಡದನ್ನ ಯಾವ ಓದೂ ಅಳ್ಸಲ್ಲ."

"ಯಾವ ಕೈಲಿ ಮಾಡ್ತೀಯ, ಮೇಸ್ತ್ರಿ?" ಕರಿಬಸಪ್ಪನವರ ದನಿಯಲ್ಲಿ ಕುಹಕವಿರಲಿಲ್ಲ.

"ನನ್ನ ಕೈಲಿ ಆಗಲ್ಲ. ನಿಮ್ಮ ಕೈಲಿ ಮಾಡಿ. ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ."

ಕರಿಬಸಪ್ಪನವರು ಫೋಟೋ ಜೇಬಿಗಿಟ್ಟುಕೊಂಡು ಹೊರಟುಹೋದರು. ಮಾರನೆಯ ಬೆಳಿಗ್ಗೆ ನಾನು ಮಾವನನ್ನು ಕರೆದುಕೊಂಡು ಆ ಗೋಡೆಯ ಹತ್ತಿರ ಹೋದಾಗ ಅವರು ಅಂಗಿ ಬಿಚ್ಚಿಟ್ಟು, ಪಂಚೆ ಎತ್ತಿ ಕಟ್ಟಿ, ಸುಣ್ಣ ಅರಳಿಸಿಕೊಂಡು ಕಾಯುತ್ತಿದ್ದರು.

ಮಗು ಉಳಿಯಬೇಕಿತ್ತು, ಆದ್ದರಿಂದ ಅಷ್ಟು ದಿನವೂ ನಾನು ನಿಲುವನ್ನು ಉದ್ದವೇ ಇಟ್ಟೆ. ಹಾಗೆಂದು ಮಾವನೇ ಹಟ ಹಿಡಿದಿದ್ದ. ದಿನ ಕಳೆದಂತೆ ಅವನ ಕೈ ಮೊಣಕೈಯವರೆಗೆ ಮಾಸಿತು, ಆಮೇಲೆ ಭುಜದವರೆಗೆ. ಇತ್ತ ಗೋಡೆಯ ಮೇಲೆ ಹಣೆ ಬಂತು, ಮೂಗು ಬಂತು. ಕರಿಬಸಪ್ಪನವರು ಬಟ್ಟೆ ಅಳೆದ ಕೈಯವರು. ಗಾರೆ ಮೆತ್ತಿದರೆ ನಿಲ್ಲುತ್ತಿರಲಿಲ್ಲ. ಸುಣ್ಣ ಅಂಗೈ ಸುಟ್ಟು ಬೊಬ್ಬೆ ಎದ್ದಿತು. ಕೊಬ್ಬರಿ ಎಣ್ಣೆ ಸವರಿಕೊಂಡು ಮತ್ತೆ ಬರುತ್ತಿದ್ದರು.

"ಕೆನ್ನೆ ಇನ್ನೂ ತುಂಬಬೇಕು," ಎಂದ ಮಾವ ಒಂದು ದಿನ. "ಅವರು ಅಷ್ಟು ಸೊರಗಿರ್ಲಿಲ್ಲ."

"ಕೊನೆಗೆ ಸೊರಗಿದ್ಲು."

"ಕೊನೇದು ಯಾಕೆ ಮಾಡ್ತೀರಾ? ಗಲ್ಲಾ ಮೇಲೆ ಕೂತ್ಕೊಂಡು ನಮ್ಮನ್ನೆಲ್ಲ ಗದರಿಸ್ತಿದ್ರಲ್ಲ, ಆ ಸಾವಂತ್ರಮ್ಮನ್ನ ಮಾಡಿ. ಸಾಲ ಕೇಳಿದ್ರೆ ತುಟಿ ಒಂದು ಕಡೆಗೆ ಎಳಕೊಳ್ಳೋದು ನೆನಪಿಲ್ವಾ?"

ಕರಿಬಸಪ್ಪನವರು ನಕ್ಕುಬಿಟ್ಟರು. ನಗುತ್ತ ನಗುತ್ತಲೇ ಗೋಡೆಗೆ ಹಣೆಯೊತ್ತಿ ನಿಂತರು. ಭುಜ ಅಲುಗುತ್ತಿತ್ತು. ಮಾವ ಮುಖ ತಿರುಗಿಸಿಕೊಂಡು ನನಗೆ ಗಾರೆಗೆ ನೀರು ಹಾಕಲು ಸನ್ನೆ ಮಾಡಿದ. ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣೊರೆಸಿಕೊಂಡು, ಕೈತುಂಬ ಗಾರೆ ತೆಗೆದುಕೊಂಡು, ತುಟಿಯ ಎಡತುದಿಯನ್ನು ಮೇಲಕ್ಕೆ ಎಳೆದರು.

ಮುಖ ಮುಗಿದಾಗ ಮಾವನ ನಡುಕ ಕತ್ತಿಗೆ ಬಂದಿತ್ತು. ಗದ್ದದ ಅಂಚು ಕದಡಿತ್ತು. ನಿಜ ಹೇಳಬೇಕೆಂದರೆ ಆ ಮುಖ ಸಾವಂತ್ರಮ್ಮನ ಹಾಗೆ ಅಷ್ಟೇನೂ ಇರಲಿಲ್ಲ. ಒಂದು ಕಣ್ಣು ಸ್ವಲ್ಪ ಕೆಳಗಿತ್ತು. ಕರಿಬಸಪ್ಪನವರು ಬೀದಿಯ ಆ ಬದಿಗೆ ಹೋಗಿ, ಈ ಬದಿಗೆ ಬಂದು ನೋಡಿದರು. "ಮೂಗು ಅವಳದ್ದೇ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತೇ ತಿರುಗಿಸಮ್ಮ," ಎಂದರು.

ಆ ಸಂಜೆ ಗಂಟೆ ಬಾರಿಸುವ ಮೊದಲೇ ಜನ ಹೊರಗೆ ಬಂದರು. ಒಬ್ಬರ ಮುಖ ಒಬ್ಬರು ಹಿಡಿದು ನೋಡಿದರು. ತಾಯಂದಿರು ಮಕ್ಕಳ ಮಚ್ಚೆ ಮುಟ್ಟಿ ನೋಡಿದರು. ಒಬ್ಬ ಮುದುಕ ಒಂದು ಹಳೆಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ. ಸುತ್ತ ನಿಂತವರು ಸಾಲು ಸಾಲಾಗಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ನಾನು ಮಂಟಪದಲ್ಲಿ ಗುಂಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಗುಂಡಿ ತಿರುಗಿಸಿ, ನಿಲುವನ್ನು ಮತ್ತೆ ಗಿಡ್ಡ ಮಾಡಿ, ಬಂಡೆಗೆ ಇಳಿದೆ. ಹಗ್ಗ ಎಳೆಯುವಾಗ ಊರಿನ ಗೋಡೆಗಳ ಕಡೆ ನೋಡಬಾರದು ಎಂದುಕೊಂಡಿದ್ದೆ. ಆದರೂ ನೋಡಿದೆ.

ಬೆಳಿಗ್ಗೆ ಕಾಳು ಇರಲಿಲ್ಲ. ಊರು ಹೊಸದಾಗಿ ತೊಳೆದಿಟ್ಟ ಹಾಗೆ ನುಣ್ಣಗಿತ್ತು. ಹೀರೆಬಳ್ಳಿಯಿದ್ದಲ್ಲಿ ಒಂದು ಮೆಲುವಾದ ಉಬ್ಬು, ಗಿಳಿಗಳಿದ್ದಲ್ಲಿ ಉಬ್ಬುಗಳ ಸಾಲು. ಜನ ಬೀದಿಯಲ್ಲಿ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದರು, ಹೆಸರು ಹಿಡಿದು ಕರೆದು, ದನಿ ಕೇಳಿ, ಓ ನೀನಾ ಎನ್ನುತ್ತಿದ್ದರು. ಮಾವ ಬಾಗಿಲಲ್ಲಿ ನಿಂತಿದ್ದ. ಅವನ ಮುಖದ ಸುಕ್ಕುಗಳೆಲ್ಲ ಹೋಗಿ, ನಾನು ಕಂಡೇ ಇರದ ಯಾವನೋ ಹುಡುಗನ ಹಾಗಿದ್ದ. ನನಗೆ ಒಂದು ಕ್ಷಣ ಭಯವಾಯಿತು.

"ನಾನೇ ಕಣೆ," ಎಂದ. "ಕೂಸು ನೋಡಾಣ ನಡಿ."

ಈರಮ್ಮ ಮನೆಯ ಮುಂದೆ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಸಂಪಿ. ಮಗುವಿನ ಆಚೆ ಏನೂ ಕಾಣುತ್ತಿರಲಿಲ್ಲ. ಮಗುವೇ ಕಾಣುತ್ತಿತ್ತು, ಕಪ್ಪನೆ ಕೂದಲು, ಕಂದು ಕೆನ್ನೆ, ತೆರೆದ ಬಾಯಿ. ಈರಮ್ಮ ಅದರ ಅಂಗಾಲನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದಳು. ಮಾವ ಬಗ್ಗಿ, ಉಳಿದಷ್ಟು ಕೈಯನ್ನು ಮಗುವಿನ ಮುಂದೆ ಹಿಡಿದ. ಬೆರಳು ಇರಲಿಲ್ಲ, ನಡುಗುವ ಒಂದು ನೆರಳಿತ್ತು. ಸಂಪಿ ಅದನ್ನು ಹಿಡಿಯಲು ಹೋದಳು, ಸಿಕ್ಕಲಿಲ್ಲ. ಮತ್ತೆ ಹೋದಳು, ಸಿಕ್ಕಲಿಲ್ಲ. ಅವಳಿಗೆ ಅದೊಂದು ಆಟವಾಯಿತು. ಕೇಕೆ ಹಾಕಿ ನಕ್ಕಳು. ಮಾವ ನೋವಾಗುವಷ್ಟು ಹೊತ್ತು ಬಗ್ಗಿಯೇ ಇದ್ದ.

ಕಳೆದುಹೋದ ಕೈ ಅವನಿಗೆ ಮತ್ತೆ ಬರಲಿಲ್ಲ. ಆದರೆ ಮಾಸುವುದು ಅಲ್ಲಿಗೇ ನಿಂತಿತು. ಎರಡು ವರ್ಷ ಬದುಕಿದ, ಕೊನೆಯವರೆಗೂ ಮುಖ ಇಟ್ಟುಕೊಂಡೇ ಬದುಕಿದ. ಬೋಳು ಗೋಡೆಗಳ ನಡುವೆ ಓಡಾಡುವಾಗ ಎಂದೂ ತಲೆಯೆತ್ತಿ ನೋಡುತ್ತಿರಲಿಲ್ಲ. ತೀರಿಕೊಂಡ ದಿನ ಕರಿಬಸಪ್ಪನವರು ಬಂದು ಅವನ ಕಾಲ ಬಳಿ ಕೂತು, "ನನ್ನ ಗುರು," ಎಂದು ಒಂದೇ ಮಾತು ಹೇಳಿದರು.

ನಾವು ನಡಿಗೆಯಿಂದ, ಕೆಮ್ಮಿನಿಂದ, ಸೀರೆಯ ಬಣ್ಣದಿಂದ ಒಬ್ಬರನ್ನೊಬ್ಬರು ಗುರುತಿಸಲು ಕಲಿತೆವು. ತಪ್ಪುಗಳೂ ಆದವು. ಯಾರನ್ನೋ ಅತ್ತಿಗೆ ಎಂದು ಕರೆದು ನಾಲಿಗೆ ಕಚ್ಚಿಕೊಂಡವರಿದ್ದರು. ಸಂಪಿಗೆ ಮಾತ್ರ ಈ ಕಷ್ಟವಿರಲಿಲ್ಲ. ಅವಳು ಬುದ್ಧಿ ತಿಳಿದಾಗಿನಿಂದ ಕಂಡದ್ದೇ ಈ ಮುಖಗಳು. ಮಾತು ಕಲಿತ ಮೇಲೆ ಊರಿನ ಯಾವ ಹೆಂಗಸನ್ನು ಕಂಡರೂ ಅವ್ವ ಎಂದೇ ಕರೆಯುತ್ತಿದ್ದಳು. ಈರಮ್ಮನಿಗೆ ಮೊದಮೊದಲು ನೋವಾಗುತ್ತಿತ್ತು. "ನಾನೊಬ್ಳೇ ಕಣೆ ನಿನ್ನವ್ವ," ಎಂದು ತಿದ್ದುತ್ತಿದ್ದಳು. ಸಂಪಿ ತಲೆಯಾಡಿಸಿ, ಹೊರಗೆ ಹೋಗಿ ಮತ್ತೆ ಹಾಗೇ ಕರೆಯುತ್ತಿದ್ದಳು.

ಒಂದು ಸಂಜೆ ಗಂಟೆ ಬಾರಿಸಿ, ನಾನು ಹಗ್ಗ ಎಳೆದು ನಿಂತ ಮೇಲೆ ಕೆಳಗಿನ ಬೀದಿಯ ಕಡೆ ಕಣ್ಣು ಹೋಯಿತು. ಈರಮ್ಮ ಮನೆಯ ಮುಂದೆ ಒಬ್ಬಳೇ ನಿಂತಿದ್ದಳು. ತೋಳು ಖಾಲಿ. ಮಗು ಪಕ್ಕದಲ್ಲೂ ಇರಲಿಲ್ಲ, ಜಗಲಿಯ ಮೇಲೂ ಇರಲಿಲ್ಲ. ಅವಳು ಹುಡುಕುತ್ತಿರುವಾಗಲೇ ಮುಚ್ಚಳ ತೆರೆದಿರಬೇಕು. ಒಂದು ಕಾಲು ಮುಂದೆ, ಒಂದು ಕೈ ಚಾಚಿ ಹಾಗೇ ನಿಂತಿದ್ದಳು. ಮಗು ಎಲ್ಲಿ? ಓಡುತ್ತಿದ್ದರೆ? ತೆಳುವಾಗಿ ಹುಟ್ಟಿದ ಜೀವ, ಒಂದು ಓದಿನಲ್ಲಿ ತಪ್ಪಿಹೋದರೆ ಸಾಕಲ್ಲ. ನಾನು ಕೂಗುವಂತಿಲ್ಲ, ಇಳಿಯುವಂತಿಲ್ಲ. ಮುಚ್ಚಳವನ್ನು ನಡುವೆ ಬೀಳಿಸಿದರೆ ಇಡೀ ಊರು ಮಾಸುತ್ತದೆ. ಅಷ್ಟು ಗಿಡ್ಡ ನಿಲುವು ಅಷ್ಟು ಉದ್ದ ಎಂದೂ ಆಗಿರಲಿಲ್ಲ.

ಮುಚ್ಚಳ ಬಿತ್ತು. ಮಬ್ಬು ಗೆರೆ ಮೇಲಿನ ಬೀದಿಯಿಂದ ಹೊರಟಿತು. ಅದರ ಹಿಂದೆಯೇ ನಾನೂ ಗುಡ್ಡ ಇಳಿದು ಓಡಿದೆ. ಕೆಳಗಿನ ಬೀದಿಗೆ ಬರುವ ಹೊತ್ತಿಗೆ ಈರಮ್ಮ ಹೆಸರು ಹಿಡಿದು ಕೂಗುತ್ತಿದ್ದಳು. ಬೀದಿಯ ತಿರುವಿನಿಂದ ಒಬ್ಬ ಹೆಂಗಸು ನಡೆದು ಬಂದಳು. ಸೊಂಟದ ಮೇಲೆ ಸಂಪಿ. ನಡಿಗೆ ನೋಡಿ ನನಗೆ ಗುರುತಾಯಿತು. ಶಿವನಂಜಮ್ಮ.

ಈರಮ್ಮ ಮಗುವನ್ನು ಕಿತ್ತುಕೊಂಡಳು. "ಎಲ್ಲಿದ್ಯೇ? ಯಾರ ಹತ್ರ ಇದ್ಯೇ?"

"ಅವ್ವನ ಹತ್ರ," ಎಂದು ಸಂಪಿ ಶಿವನಂಜಮ್ಮನ ಕಡೆ ಕೈ ತೋರಿಸಿದಳು.

"ಕೆರೆಯಿಂದ ಬರ್ತಿದ್ದೆ," ಎಂದರು ಶಿವನಂಜಮ್ಮ. "ಗಂಟೆ ಆಯ್ತು, ಇದು ಅವ್ವ ಅಂತ ಬಂದು ಕಾಲು ತಬ್ಕೊಳ್ತು. ಎತ್ಕೊಂಡು ನಿಂತ್ಕೊಂಡೆ. ಅಲುಗಾಡ್ಲಿಲ್ಲಮ್ಮ, ಹೆದರ್ಬೇಡ. ನನ್ನ ಕತ್ತಿಗೆ ಮುಖ ಇಟ್ಕೊಂಡು ಸುಮ್ನಿತ್ತು."

ಈರಮ್ಮ ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. ಆಮೇಲೆ ಬಾಗಿಲ ಕಡೆ ಸರಿದು, "ಬನ್ನಿ ಒಳಗೆ. ರೊಟ್ಟಿ ತಟ್ತಿದ್ದೆ. ಉಂಡ್ಕೊಂಡು ಹೋಗಿ," ಎಂದಳು.

ಮೇಲಿನ ಬೀದಿಯವರು ಕೆಳಗಿನ ಬೀದಿಯ ಮನೆಗಳಲ್ಲಿ ಉಣ್ಣುವ ರೂಢಿ ನಮ್ಮೂರಿನಲ್ಲಿ ಇರಲಿಲ್ಲ. ಅಕ್ಕಪಕ್ಕದವರು ನೋಡುತ್ತಿದ್ದರು. ಶಿವನಂಜಮ್ಮ ಒಮ್ಮೆ ಬೀದಿಯ ಆ ಕಡೆ ನೋಡಿದರು, ಒಮ್ಮೆ ಈ ಕಡೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಆ ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಹೋದರು.